ಹಲಸಿನಕಾಯಿ ಚಿಪ್ಸ್ ಮೂರೇ ದಿನಕ್ಕೆ ಮೆತ್ತಗಾಗೋದ್ಯಾಕೆ?

ಪ್ರಶ್ನೆ (ಹೊಸನಗರ): ಕರಿದ ದಿನ ಗರಿಗರಿ, ಮೂರನೇ ದಿನ ಮೆತ್ತಗೆ. ಕೆಲವು ತುಂಡು ಅಂಚಲ್ಲಿ ಕೆಂಪಾಗಿ ಕಹಿ. ಮೇಲೆ ಉದುರಿಸಿದ ಉಪ್ಪೆಲ್ಲ ಡಬ್ಬದ ತಳಕ್ಕೆ. ಎಲ್ಲಿ ತಪ್ಪಾಗ್ತಿದೆ?

ಉತ್ತರ (ಸಾಗರ): ಕೆಂಪಾಗೋದಕ್ಕೆ ಹೆಚ್ಚಾಗಿ ಕಾಯಿಯೇ ಕಾರಣ. ಬಲಿತಿರಬೇಕು, ಹಣ್ಣಿಗೆ ತಿರುಗಿರಬಾರದು. ಹಸಿ ತೊಳೆ ಅಗಿದು ನೋಡಿ, ಸ್ವಲ್ಪ ಸಿಹಿ ಬಂದಿದ್ರೂ ಚಿಪ್ಸಿಗೆ ಬೇಡ. ಒಳಗಿನ ನೀರು ಆರೋ ಮೊದಲೇ ಆ ಸಕ್ಕರೆ ಸೀದುಹೋಗುತ್ತೆ. ತೀರಾ ಎಳೆಕಾಯಿ ಎಣ್ಣೆ ಕುಡಿಯುತ್ತೆ. ಬಕ್ಕೆ (ತೊಳೆ ಗಟ್ಟಿ ಇರೋ ಹಲಸು) ಸಿಕ್ಕಿದ್ರೆ ಅದೇ ಒಳ್ಳೇದು.

ತೊಳೆಯನ್ನ ಉದ್ದುದ್ದಕ್ಕೆ, ಎಲ್ಲ ಒಂದೇ ದಪ್ಪಕ್ಕೆ ಸೀಳಿ. ಉಪ್ಪು ತಳಕ್ಕೆ ಉದುರಬಾರದು ಅಂದ್ರೆ ಮೇಲೆ ಉದುರಿಸೋ ಬದಲು ಅರ್ಧ ಲೋಟ ನೀರಿಗೆ 3 ಚಮಚ ಪುಡಿಉಪ್ಪು ಕರಗಿಸಿಡಿ. 1 ಲೀಟರ್ ಕೊಬ್ಬರಿಎಣ್ಣೆಗೆ ಒಂದು ಸಲಕ್ಕೆ ಎರಡು ಹಿಡಿ ಸಾಕು, ಹೆಚ್ಚು ಹಾಕಿದ್ರೆ ಎಣ್ಣೆ ತಣಿಯುತ್ತೆ. ತುಂಡು ಗಟ್ಟಿಯಾಗ್ತಿದ್ದಂತೆ ಒಂದು ಚಮಚ ಉಪ್ಪುನೀರು ಬಿಡಿ. ಸಿಡಿಯುತ್ತೆ ಮಾರಾಯ್ರೆ, ದೂರ ನಿಲ್ಲಿ. ಆ ಚೊರಗುಟ್ಟೋ ಸದ್ದು ಪೂರ್ತಿ ನಿಂತ ಮೇಲೇ ತೆಗೀಬೇಕು. ಸದ್ದಿದೆ ಅಂದ್ರೆ ನೀರಿದೆ. ನಿಮ್ಮ ಚಿಪ್ಸ್ ಮೆತ್ತಗಾಗೋದು ಇಲ್ಲೇ ಇರಬೇಕು.

ಉತ್ತರ (ತೀರ್ಥಹಳ್ಳಿ): ಸಾಗರದವರು ಹೇಳಿದ್ದು ಸರಿ. ಬಿಸಿ ಇರುವಾಗ ಡಬ್ಬಕ್ಕೆ ತುಂಬಿದ್ರೂ ಒಳಗೇ ಬೆವರುತ್ತೆ, ಪೂರ್ತಿ ಆರಲಿ. ಮಳೆಗಾಲದಲ್ಲಿ ದೊಡ್ಡ ಡಬ್ಬ ಪದೇ ಪದೇ ತೆಗೀಬೇಡಿ, ಸಣ್ಣ ಡಬ್ಬಗಳಿಗೆ ಹಂಚಿಡಿ. ಖಾರದಪುಡಿ ಬೇಕಿದ್ರೆ ಬಿಸಿಯಲ್ಲೇ ಕಲಸಿ, ಆಮೇಲೆ ಹಿಡಿಯಲ್ಲ. ನನಗಂತೂ ಬರೀ ಉಪ್ಪಿಂದೇ ರುಚಿ, ಖಾರ ಹಾಕಿದ್ರೆ ಹಲಸಿನ ಪರಿಮಳ ಮುಚ್ಚಿಹೋಗುತ್ತೆ.

ಪ್ರಶ್ನೆ ಕೇಳಿದವರು: ಸದ್ದು ನಿಲ್ಲೋ ಮೊದಲೇ ತೆಗೀತಿದ್ದೆ. ಕೊಬ್ಬರಿಎಣ್ಣೆ ಬದಲು ಶೇಂಗಾಎಣ್ಣೆ ಆಗುತ್ತಾ?

ಉತ್ತರ (ಸಾಗರ): ಗರಿಗರಿ ಆಗುತ್ತೆ, ಆ ಘಮ ಬರಲ್ಲ.