ಸಹಾಯ ಬೇಕು: ವಿದ್ಯಾರ್ಥಿಗಳ ಆತ್ಮಶೋಧನೆಗೆ ಕನ್ನಡ ಪ್ರಶ್ನೆಗಳು

ಹಾಸನದಲ್ಲಿ ಹಾಸ್ಟೆಲ್‌ನಲ್ಲಿದ್ದು ಪದವಿ ಓದುತ್ತಿರುವ ಕ್ರೈಸ್ತ ಮಕ್ಕಳಿಗೆ ರಾತ್ರಿ 15 ನಿಮಿಷದ ಆತ್ಮಶೋಧನೆ ಕಲಿಸಬೇಕಾಗಿದೆ. ಕ್ರಮ ಯೇಸುಸಭೆಯ ಸ್ಥಾಪಕ ಸಂತ ಇಗ್ನೇಷಿಯಸ್‌ ಹಾಕಿಕೊಟ್ಟದ್ದು: ದೇವರಿಗೆ ಕೃತಜ್ಞತೆ, ಬೆಳಕಿಗಾಗಿ ಬೇಡಿಕೆ, ದಿನದ ಅವಲೋಕನ, ಕ್ಷಮೆ, ನಾಳೆಯ ಸಂಕಲ್ಪ.

ಎಡವುವುದು ಮೂರನೆಯದರಲ್ಲಿ. ದಿನವನ್ನು ಗಂಟೆಗಂಟೆಯಾಗಿ ನೋಡುವ ಬದಲು ತಪ್ಪುಗಳ ಪಟ್ಟಿ ಬರೆಯುತ್ತಾರೆ. ವಾರದೊಳಗೆ ಬೇಸತ್ತು ಬಿಡುತ್ತಾರೆ. ಕೃತಜ್ಞತೆಯನ್ನು ಹಾರಿಸಿದರೆ ಹೀಗೇ ಆಗುವುದು, ಅದನ್ನು ಮೊದಲಿಗೆ ಇಟ್ಟದ್ದು ಸುಮ್ಮನೆ ಅಲ್ಲ. ಹಾಸಿಗೆಯಲ್ಲಿ ಮಲಗಿ ಮಾಡಿದರೆ ನಿದ್ದೆ ಗ್ಯಾರಂಟಿ. ಊಟಕ್ಕೆ ಮುಂಚೆ, ಕುಳಿತೇ ಆಗಬೇಕು. ಇನ್ನು ಕೆಲವರು ಪ್ರಾರ್ಥನೆ ಒಣಗಿದ ದಿನ ನಂಬಿಕೆಯೇ ಹೋಯಿತೆಂದುಕೊಳ್ಳುತ್ತಾರೆ. (ಗೊರೂರು ಹಿನ್ನೀರಿನ ಶೆಟ್ಟಿಹಳ್ಳಿ ಇಗರ್ಜಿ ನೀರು ತುಂಬಿದಾಗ ಅರ್ಧ ಮುಳುಗುತ್ತದೆ, ಇಳಿದಾಗ ಅಲ್ಲೇ ಇರುತ್ತದೆ; ನಂಬಿಕೆಯೂ ಹಾಗೇ!)

ಬೇಕಾಗಿರುವುದು ಎರಡು. ಒಂದು, ‘ಹೌದು’ ‘ಇಲ್ಲ’ ಎಂದು ಮುಗಿಯದ ಹತ್ತು ಪ್ರಶ್ನೆಗಳು, ಆಡುಮಾತಿನಲ್ಲಿ. ಮಾದರಿ: “ಇಂದು ಯಾವ ಗಳಿಗೆಯಲ್ಲಿ ದೇವರಿಂದ ದೂರ ಸರಿದೆ? ಆಗ ಮನಸ್ಸಿನಲ್ಲಿ ಏನಿತ್ತು?” ಎರಡು, ಇಗ್ನೇಷಿಯಸ್‌ ಹೇಳುವ ಕನ್ಸೊಲೇಶನ್‌, ಡೆಸೊಲೇಶನ್‌ಗೆ ಸರಿಯಾದ ಕನ್ನಡ. ಮೊದಲನೆಯದು ಮನಸ್ಸು ದೇವರತ್ತ ಅರಳುವ ಸ್ಥಿತಿ, ಎರಡನೆಯದು ದೇವರು ದೂರವಾದಂತೆ ಮನಸ್ಸು ಒಣಗುವ ಸ್ಥಿತಿ. ‘ಸಾಂತ್ವನ’ ಅರ್ಧ ಮಾತ್ರ ಹೇಳುತ್ತದೆ, ‘ಖಿನ್ನತೆ’ ಕಾಯಿಲೆಯ ಹೆಸರಾಗಿಬಿಟ್ಟಿದೆ. ಚಿಕ್ಕಮಗಳೂರು ಧರ್ಮಪ್ರಾಂತ್ಯದಲ್ಲಿ ಧ್ಯಾನಕೂಟ ನಡೆಸಿದವರು ಯಾವ ಪದ ಬಳಸುತ್ತೀರಿ? ಕಾಮೆಂಟಿನಲ್ಲಿ ಬರೆಯಿರಿ.