ಪದಚರ್ಚೆ: ‘ಸೈಟೇಶನ್’ಗೆ ‘ಉಲ್ಲೇಖ’ ಅಂದರೆ ಸಾಕಾ? ‘ಇಂಪ್ಯಾಕ್ಟ್’ಗೆ ಏನು?

ಎಲ್ಲರಿಗೂ ನಮಸ್ಕಾರ.

ಮೂರು ದಿನದಿಂದ ಎರಡು ಪದಗಳ ಹತ್ತಿರ ಸಿಕ್ಕಿಕೊಂಡು ಕೂತಿದ್ದೇನೆ. ಗಾಜಿನ ಎಳೆಯಲ್ಲಿ ಬೆಳಕು ಹಾಯಿಸಿ ಸುದ್ದಿ ಕಳಿಸುವ ವಿದ್ಯೆ ಇದೆಯಲ್ಲ, ನಾವೆಲ್ಲ ಸುಮ್ನೆ ‘ಫೈಬರ್’ ಅನ್ನುತ್ತೇವೆ, ಅದರ ಬಗ್ಗೆ ಒಂದು ಲೇಖನ ಬರೆಯುತ್ತಿದ್ದೇನೆ. ಚಾರ್ಲ್ಸ್ ಕಾವೊ ಎಂಬ ವಿಜ್ಞಾನಿ ಇಲ್ಲದೆ ಆ ಕಥೆ ನಡೆಯುವುದಿಲ್ಲ. ಇಂಗ್ಲೆಂಡಿನ ಹಾರ್ಲೋ ಊರಿನ ಪ್ರಯೋಗಾಲಯದಲ್ಲಿದ್ದಾಗ ಜಾರ್ಜ್ ಹಾಕಮ್ ಜೊತೆ ಸೇರಿ ಅವರು 1966ರಲ್ಲಿ ಈ ಎಳೆಯ ಬಗ್ಗೆ ಒಂದು ಸಂಶೋಧನಾ ಪೇಪರ್ ಬರೆದರು. ಕಾವೊಗೆ 2009ರಲ್ಲಿ ಭೌತವಿಜ್ಞಾನದ ನೊಬೆಲ್‌ನ ಅರ್ಧ ಪಾಲು ಬಂತು.

ನಾನು ಹೀಗೆ ಬರೆದೆ: ‘ಈ ಪ್ರಬಂಧಕ್ಕೆ ನೂರಾರು ಉಲ್ಲೇಖಗಳಿವೆ.’ ಕರಡು ಓದಿದ ನಮ್ಮಕ್ಕ, ‘ಅಷ್ಟುದ್ದ ಪಟ್ಟಿ ಯಾಕೆ ಕೊಟ್ಟಿದ್ದಾರೆ ಕೊನೇಲಿ?’ ಅಂದಳು. ಅವಳು ಸರ್ಕಾರಿ ಕಚೇರಿಯವಳು. ಅವಳ ಪತ್ರಗಳಲ್ಲಿ ಮೇಲೆ ‘ವಿಷಯ’, ಅದರ ಕೆಳಗೆ ‘ಉಲ್ಲೇಖ’, ಆಮೇಲೆ ಹಳೇ ಪತ್ರದ ಸಂಖ್ಯೆ, ದಿನಾಂಕ. ಅಂದರೆ ಅವಳಿಗೆ ಉಲ್ಲೇಖ ಎಂದರೆ ನಾವು ಹಿಂದಕ್ಕೆ ತೋರಿಸುವ ಬೆರಳು. ನಾನು ಹೇಳಬೇಕಿದ್ದು ತಿರುವುಮುರುವು. ಆಮೇಲೆ ಬಂದವರು ಎಷ್ಟು ಜನ ಈ ಪೇಪರಿನ ಕಡೆ ಬೆರಳು ತೋರಿಸಿದರು ಅನ್ನುವುದು.

ಇಂಗ್ಲಿಷಿನವರು ಇದಕ್ಕೆ ಎರಡು ಪದ ಇಟ್ಟುಕೊಂಡಿದ್ದಾರೆ, ರೆಫರೆನ್ಸ್ ಮತ್ತು ಸೈಟೇಶನ್. ನಮ್ಮಲ್ಲಿ ಎರಡಕ್ಕೂ ಉಲ್ಲೇಖವೇ ಓಡಾಡುತ್ತಿದೆ. ಮೊದಲನೆಯದಕ್ಕೆ ‘ಆಧಾರ’ ಅನ್ನೋಣ ಅಂದುಕೊಂಡೆ. ಆದರೆ ‘ಆಧಾರ ಸಂಖ್ಯೆ 42’ ಅಂತ ಬರೆದರೆ ಜನ ಕಾರ್ಡು ಹುಡುಕುತ್ತಾರೆ! ‘ಉದ್ಧರಣೆ’ಯೂ ಆಗದು. ಅದು ಇನ್ನೊಬ್ಬರ ಮಾತನ್ನು ಇದ್ದ ಹಾಗೇ ಎತ್ತಿ ಬರೆಯುವುದು. ಸದ್ಯಕ್ಕೆ ನನ್ನ ಮನಸ್ಸು ‘ಆಕರ’ದ ಕಡೆ ವಾಲಿದೆ. ಹಿಂದಿನವರಿಂದ ಪಡೆದದ್ದು ಆಕರ, ಮುಂದಿನವರು ಹೆಸರಿಸಿದ್ದು ಉಲ್ಲೇಖ. ವಾಕ್ಯದಲ್ಲಾದರೆ ಕ್ರಿಯಾಪದವೇ ದಿಕ್ಕು ತೋರಿಸುತ್ತದೆ: ‘ಬೇರೆಯವರ ಲೇಖನಗಳಲ್ಲಿ ಇಷ್ಟು ಸಲ ಉಲ್ಲೇಖವಾಗಿದೆ.’ ತೊಂದರೆ ಇರುವುದು ಲೇಖನದ ಜೊತೆ ಕೊಡುವ ಕೋಷ್ಟಕದಲ್ಲಿ. ಅಲ್ಲಿ ಕ್ರಿಯಾಪದಕ್ಕೆ ಜಾಗ ಇಲ್ಲ.

ಇನ್ನು ಇಂಪ್ಯಾಕ್ಟ್. ‘ಪ್ರಭಾವ’ ಅನ್ನುವುದು ರೂಢಿ. ಆದರೆ ‘ಪ್ರಭಾವಿ ಸಂಶೋಧಕ’ ಅಂದರೆ ನನ್ನ ಕಿವಿಗೆ ಮಂತ್ರಿಗೆ ಫೋನ್ ಮಾಡಿ ಕೆಲಸ ಮಾಡಿಸಿಕೊಳ್ಳುವ ಮನುಷ್ಯ ಕೇಳಿಸುತ್ತಾನೆ. ನಿಮಗೂ ಹಾಗೇ ಅಲ್ವಾ?

ಕಾವೊ ಪೇಪರಿನಿಂದ ಏನಾಯಿತು ನೋಡಿ. ಅಂದಿನ ಗಾಜಿನ ಎಳೆಯಲ್ಲಿ 20 ಮೀಟರ್ ದಾಟುವಷ್ಟರಲ್ಲಿ ಬೆಳಕು ನೂರಕ್ಕೆ ಒಂದು ಪಾಲು ಉಳಿಯುತ್ತಿತ್ತು. ತಪ್ಪು ಗಾಜಿನದಲ್ಲ, ಅದರೊಳಗಿನ ಕಲ್ಮಶದ್ದು ಎಂದು ಇವರು ತೋರಿಸಿದರು. ಕಿಲೋಮೀಟರಿಗೆ 20 ಡೆಸಿಬೆಲ್‌ಗೆ ಇಳಿಸಿದರೆ, ಅಂದರೆ ಆ ಒಂದು ಪಾಲು 1 ಕಿಲೋಮೀಟರ್ ದೂರ ತಲುಪಿದರೆ, ಫೋನ್ ಕೆಲಸಕ್ಕೆ ಬಳಸಬಹುದು ಎಂದು ಗುರಿಯನ್ನೂ ಹಾಕಿಕೊಟ್ಟರು. 1970ರಲ್ಲಿ ಅಮೆರಿಕದ ಕಾರ್ನಿಂಗ್ ಕಂಪನಿಯವರು 17ಕ್ಕೆ ಇಳಿಸಿಯೇಬಿಟ್ಟರು. ಈಗಿನ ಎಳೆಯಲ್ಲಿ ಅದೇ ಒಂದು ಪಾಲು ಸುಮಾರು 100 ಕಿಲೋಮೀಟರ್ ಹೋಗುತ್ತದೆ. ಇದನ್ನು ಪ್ರಭಾವ ಅನ್ನಬೇಕಾ, ಪರಿಣಾಮ ಅನ್ನಬೇಕಾ? ನನ್ನ ಮತ ಪರಿಣಾಮಕ್ಕೆ. ಉಲ್ಲೇಖ ಎಣಿಸಿದ್ದನ್ನು ಮಾತ್ರ ಪರಿಣಾಮ ಅನ್ನಲು ಮನಸ್ಸು ಒಪ್ಪುತ್ತಿಲ್ಲ. 2005ರಲ್ಲಿ ಹೋರ್ಹೆ ಹಿರ್ಷ್ ಹೇಳಿದ ಎಚ್-ಸೂಚ್ಯಂಕದ (ತಲಾ ಕನಿಷ್ಠ ಐದು ಉಲ್ಲೇಖ ಪಡೆದ ಐದು ಪೇಪರಿದ್ದರೆ ಸಂಶೋಧಕನ ಅಂಕ 5, ಹೀಗೆ) ಲೆಕ್ಕ ಹಿಡಿದರೆ, ಎಷ್ಟೇ ದೊಡ್ಡ ಪೇಪರಾದರೂ ಅದೊಂದೇ ಇದ್ದರೆ ಸಿಗುವ ಅಂಕ 1. ‘ಇಂಪ್ಯಾಕ್ಟ್ ಫ್ಯಾಕ್ಟರ್’ ಅಂತೂ ಪೇಪರು ಪ್ರಕಟಿಸುವ ಸಂಶೋಧನಾ ಪತ್ರಿಕೆಯ ಅಂಕ, ಮನುಷ್ಯನದಲ್ಲವೇ ಅಲ್ಲ. ಅದನ್ನು ಹಾಗೇ ಕನ್ನಡ ಅಕ್ಷರದಲ್ಲಿ ಬಿಡುತ್ತೇನೆ.

ಜೊತೆಗೆ ಒಂದು ಚಿಕ್ಕ ಪದ. ಬೆಳಕು ಕಮ್ಮಿಯಾಗುವುದಕ್ಕೆ ‘ನಷ್ಟ’ ಅಂದರೆ ಅಂಗಡಿ ಲೆಕ್ಕದ ಹಾಗೆ ಕೇಳುತ್ತದೆ. ‘ಸೋರಿಕೆ’ ತಪ್ಪು, ಕಲ್ಮಶ ಬೆಳಕನ್ನು ಹೀರಿಕೊಂಡಾಗ ಅದು ಹೊರಗೆ ಸೋರುವುದಿಲ್ಲ. ನೀರು ಮಣ್ಣಿಗೆ ಇಂಗುವ ಹಾಗೆ ಬೆಳಕು ಗಾಜಿಗೆ ಇಂಗುತ್ತದೆ ಅಂತ ಬರೆದಿದ್ದೇನೆ. ಬೆಳಕು ಚದುರಿಯೂ ಕಮ್ಮಿಯಾಗುತ್ತದೆ, ಅದು ಈ ಪದದಲ್ಲಿ ಬರುವುದಿಲ್ಲ, ಗೊತ್ತು. ಆದರೂ ಅಕ್ಕನಿಗೆ ಅರ್ಥವಾಯಿತು.

ಈಗ ಬೇಕಿರುವುದು ಕೋಷ್ಟಕದ ತಲೆಬರಹ. ‘ಕೊಟ್ಟ ಉಲ್ಲೇಖ, ಪಡೆದ ಉಲ್ಲೇಖ’ ಅಂತ ಜೋಡಿ ಇಡಲಾ, ‘ಆಕರ, ಉಲ್ಲೇಖ’ ಅಂತಲೇ ಇಡಲಾ? ಅಂಕಣ ಕಿರಿದು, ಒಂದೊಂದರಲ್ಲಿ ಎರಡು ಪದಕ್ಕಿಂತ ಜಾಸ್ತಿ ಹಿಡಿಸುವುದಿಲ್ಲ.