ಪದಚರ್ಚೆ: ‘ಗ್ರಿಡ್ ಸೆಲ್’ಗೆ ‘ಜಾಲಕೋಶ’ ಆದೀತೇ?

ಪ್ರಶ್ನೆ: ಮಿದುಳು ದಾರಿ ಗುರುತಿಟ್ಟುಕೊಳ್ಳುವ ಬಗೆ ಕುರಿತ ಲೇಖನವೊಂದು ಕರಡು ತಿದ್ದಲು ಬಂದಿದೆ. ‘ಪ್ಲೇಸ್ ಸೆಲ್’ಗೆ ಸ್ಥಳಕೋಶ, ‘ಗ್ರಿಡ್ ಸೆಲ್’ಗೆ ಜಾಲಕೋಶ ಎಂದಿದೆ. ಕೋಶ ‘ಫೈರ್’ ಆಗುವುದಕ್ಕೆ ‘ಉರಿಯುವುದು’ ಎಂದಿದೆ. ಇವು ನಿಲ್ಲುತ್ತವೆಯೇ?

ಉತ್ತರ: ‘ಉರಿಯುವುದು’ ಬೇಡವೇ ಬೇಡ, ಗಾಯದ ಉರಿ ನೆನಪಾಗುತ್ತದೆ. ನರಕೋಶದ ಒಂದು ವಿದ್ಯುತ್ ಸಂಕೇತ ಸುಮಾರು ಒಂದು ಮಿಲಿಸೆಕೆಂಡಿನದು, ಬಿಡಿಬಿಡಿಯಾಗಿ ಎಣಿಸಬಹುದು. ‘ಮಿಡಿಯುವುದು’ ಎನ್ನಿ. ನಾಡಿಯಂತೆ ಎಣಿಕೆಗೂ ಸಿಗುತ್ತದೆ.

‘ಸ್ಥಳಕೋಶ’ದ ತೊಡಕಿರುವುದು ಕೋಶದಲ್ಲಿ. ಪದಕೋಶದಲ್ಲಿ ಪದವಿರುವಂತೆ ಇದರಲ್ಲಿ ಸ್ಥಳವಿದೆ ಎಂದು ಓದುಗರು ತಿಳಿದಾರು. ನರವಿಜ್ಞಾನಿ ಜಾನ್ ಓಕೀಫ್ 1971ರಲ್ಲಿ ಇಲಿಯ ಮಿದುಳಿನ ಹಿಪೊಕ್ಯಾಂಪಸ್ ಎಂಬ ಭಾಗದಲ್ಲಿ ಕಂಡದ್ದು ಬೇರೆ: ಇಲಿ ಒಂದು ಜಾಗಕ್ಕೆ ಬಂದಾಗ ಒಂದು ಕೋಶ ಜೋರಾಗಿ ಮಿಡಿಯುತ್ತದೆ, ಅಲ್ಲಿಂದ ಸರಿದರೆ ಹೆಚ್ಚುಕಡಿಮೆ ಸುಮ್ಮನಾಗುತ್ತದೆ. ಇಲಿಯನ್ನು ಬೇರೆ ಕೋಣೆಗೆ ಬಿಟ್ಟರೆ ಅದೇ ಕೋಶ ಇನ್ನೆಲ್ಲೋ ಮಿಡಿಯಬಹುದು, ಮಿಡಿಯದೆಯೂ ಇರಬಹುದು. ಯಾವ್ಯಾವ ಕೋಶಗಳು ಒಟ್ಟಿಗೆ ಮಿಡಿದವು ಎಂಬುದರಲ್ಲಿ ಜಾಗದ ಗುರುತಿದೆ. ಮೊದಲ ಸಲ ‘ಸ್ಥಳಸೂಚಕ ನರಕೋಶ’ ಎಂದು ಬರೆದು ಆಮೇಲೆ ‘ಸ್ಥಳಕೋಶ’ ಎಂದು ಮೊಟಕು ಮಾಡಿದರೆ ಸಾಕು. ಲೇಖನದಲ್ಲಿ ಹಿಪೊಕ್ಯಾಂಪಸ್ಸಿಗೆ ‘ನೆನಪಿನ ಉಗ್ರಾಣ’ ಎಂದಿದ್ದರೆ ಅದನ್ನೂ ಹೊಡೆದುಹಾಕಿ. 1953ರ ಶಸ್ತ್ರಚಿಕಿತ್ಸೆಯಲ್ಲಿ ಎರಡೂ ಬದಿಯ ಹಿಪೊಕ್ಯಾಂಪಸ್ಸಿನ ಬಹುಭಾಗ ಕಳೆದುಕೊಂಡ ಹೆನ್ರಿ ಮೊಲೈಸನ್‌ಗೆ ಬಾಲ್ಯ ನೆನಪಿತ್ತು. ಹೊಸ ಘಟನೆಗಳು ಮಾತ್ರ ನಿಲ್ಲುತ್ತಿರಲಿಲ್ಲ.

‘ಜಾಲಕೋಶ’ ತಪ್ಪೇ. ಕೋಶಗಳು ಬಲೆಯಂತೆ ಹೆಣೆದುಕೊಂಡಿವೆ ಎಂಬ ಅರ್ಥ ಕೊಡುತ್ತದೆ. ವಿನ್ಯಾಸ ಇರುವುದು ಇಲಿ ಓಡಾಡಿದ ನೆಲದ ಮೇಲೆ. ಮೇ-ಬ್ರಿಟ್ ಮತ್ತು ಎಡ್ವರ್ಡ್ ಮೋಸರ್ ತಂಡ ನಾರ್ವೆಯಲ್ಲಿ 2005ರಲ್ಲಿ ತೋರಿಸಿದ್ದು ಇದನ್ನೇ. ಹಿಪೊಕ್ಯಾಂಪಸ್ಸಿನ ಪಕ್ಕದ ಎಂಟೊರೈನಲ್ ಕಾರ್ಟೆಕ್ಸ್ ಎಂಬ ಭಾಗದ ಒಂದೇ ಕೋಶ ಎಲ್ಲೆಲ್ಲಿ ಮಿಡಿಯಿತೋ ಅಲ್ಲೆಲ್ಲ ಗುರುತು ಹಾಕುತ್ತ ಹೋದರೆ ಸಂದು ಚುಕ್ಕಿಯ ರಂಗೋಲಿ ಮೂಡುತ್ತದೆ: ಒಂದು ಸಾಲಿನ ಎರಡು ಚುಕ್ಕಿಗಳ ಸಂದಿಗೆ ಮುಂದಿನ ಸಾಲಿನ ಚುಕ್ಕಿ, ಪ್ರತಿ ಚುಕ್ಕಿಯ ಸುತ್ತ ಸಮದೂರದಲ್ಲಿ ಆರು. ನೇರ ಚುಕ್ಕಿಯಲ್ಲ, ಹಾಗಾಗಿ ‘ಚೌಕುಳಿ’ಯೂ ಸಲ್ಲದು. ಇಲ್ಲಿ ಒಂದು ಚುಕ್ಕಿ ಎಂದರೆ ಒಂದು ಮಿಡಿತವಲ್ಲ, ಒತ್ತೊತ್ತಾಗಿ ಬಿದ್ದ ಮಿಡಿತಗಳ ಗುಂಪು. ಚುಕ್ಕಿಯಿಂದ ಚುಕ್ಕಿಗೆ ಕೆಲವು ಕೋಶಗಳಲ್ಲಿ 30–40 ಸೆಂ.ಮೀ., ಕೆಲವುಗಳಲ್ಲಿ ಮೀಟರಿಗೂ ಮೇಲೆ. ಆವರಣ ಚಿಕ್ಕದಾದರೆ ಒಂದೆರಡು ಚುಕ್ಕಿಯಷ್ಟೇ ಕಂಡು ಸ್ಥಳಕೋಶವೆಂದೇ ಮೋಸಹೋಗಬಹುದು.

‘ಚುಕ್ಕಿಹಾಸು ಕೋಶ’ ಎಂದರೆ ಹೇಗೆ? ಹಾಸು ಎಂದಾಗ ನೆಲ ತಾನಾಗಿ ಬರುತ್ತದೆ. ‘ಗ್ರಿಡ್ ಕೋಶ’ ಎಂದೇ ಉಳಿಸಿದರೂ ತಪ್ಪಲ್ಲ, ಆದರೆ ನಮ್ಮಲ್ಲಿ ಗ್ರಿಡ್ ಎಂದರೆ ಮೊದಲು ನೆನಪಾಗುವುದು ಕರೆಂಟು.

ಮರುಪ್ರಶ್ನೆ: ‘ಹೆಡ್ ಡೈರೆಕ್ಷನ್ ಸೆಲ್’ಗೆ ‘ದಿಕ್ಸೂಚಿ ಕೋಶ’?

ಉತ್ತರ: ದಿಕ್ಸೂಚಿ ಉತ್ತರ ದಿಕ್ಕನ್ನು ಬಿಡುವುದಿಲ್ಲ. ತಲೆ ಒಂದು ದಿಕ್ಕಿಗೆ ತಿರುಗಿದ್ದಾಗ ಮಿಡಿಯುವ ಈ ಕೋಶಗಳು ಆ ದಿಕ್ಕನ್ನು ಸುತ್ತಲಿನ ಗುರುತು ನೋಡಿಕೊಂಡು ಹಿಡಿಯುತ್ತವೆ. ಆವರಣದ ಗೋಡೆಗೆ ಅಂಟಿಸಿದ ಬಿಳಿ ಹಾಳೆಯನ್ನು ಕಾಲು ಸುತ್ತು ತಿರುಗಿಸಿದರೆ ಇವು ಮೆಚ್ಚುವ ದಿಕ್ಕೂ ಸಾಮಾನ್ಯವಾಗಿ ಅದರೊಡನೆ ತಿರುಗುತ್ತದೆ. ‘ತಲೆದಿಕ್ಕಿನ ಕೋಶ’ ಸಾಕು.